ಹೊಗೆ ಕುಡಿದ ಪುಸ್ತಕಗಳು

ದೊಡ್ಡಪ್ಪ,

ಈ ಸಲ ಮಳೆ ಹಿಡಿದ ಮೊದಲ ದಿನವೇ ದೊಡ್ಡಮ್ಮ ಕಟ್ಟಿಗೆ ಒಲೆ ಹಚ್ಚಿದಳು. ನಾನು ಹೇಳಲಿಲ್ಲ, ಯಾರೂ ಹೇಳಲಿಲ್ಲ. ಹೊಗೆ ಮೇಲೇರಿ ಅಟ್ಟದ ಬಿದಿರಿನ ಸಂದಿಗಳಲ್ಲಿ ನುಗ್ಗುವುದನ್ನು ಸೊಂಟಕ್ಕೆ ಕೈಕೊಟ್ಟು ನೋಡುತ್ತಾ ನಿಂತಳು. ಇಷ್ಟು ಹೇಳಿದರೆ ಸಾಕು, ನಿಮ್ಮ ಪುಸ್ತಕಗಳು ಎಲ್ಲಿವೆ ಎಂದು ನಿಮಗೆ ತಿಳಿಯಿತು. ನೆಮ್ಮದಿಯಾಯಿತಾ? ಆದರೆ ಹೋದ ವರ್ಷ ಅವು ಕೈಬಿಟ್ಟು ಹೋಗುವುದರಲ್ಲಿದ್ದವು. ಆ ಕಥೆ ನಿಮಗೆ ಗೊತ್ತಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಮನೆಗೆ ಗ್ಯಾಸ್ ಬಂದ ದಿನ ನೀವಿಬ್ಬರೂ ಆಡಿದ ಜಗಳ ಇನ್ನೂ ನನ್ನ ಕಿವಿಯಲ್ಲಿದೆ. ದೊಡ್ಡಮ್ಮನಿಗೆ ಹಳೇ ಒಲೆ ಒಡೆಸಿ ಆ ಜಾಗದಲ್ಲಿ ಕಪಾಟು ಮಾಡಿಸುವ ಆಸೆ. ನೀವು ಬಾಗಿಲಿಗೆ ಅಡ್ಡ ನಿಂತಿರಿ. ನಮ್ಮ ಕಡೆ ಯಾರ ಮನೆಯಲ್ಲಾದರೂ ಒಲೆಯ ಮೇಲಿನ ಅಟ್ಟದಲ್ಲಿ ಬಿತ್ತನೆಯ ಜೋಳದ ತೆನೆ, ಕರಿಮೆಣಸಿನ ಮೂಟೆ ಇರುತ್ತವೆ, ಹೊಗೆ ತಾಗಿದರೆ ಹುಳ ಹಿಡಿಯುವುದಿಲ್ಲ ಎಂದು. ನಮ್ಮಲ್ಲಿ ಮಾತ್ರ ಆ ಮೂಟೆಗಳ ಪಕ್ಕದಲ್ಲಿ ಇಂಗ್ಲಿಷ್ ಪುಸ್ತಕಗಳು! ಕಪಾಟಿನಲ್ಲಿಟ್ಟ ಪುಸ್ತಕಕ್ಕೆ ಈ ವಯನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ ಎಂಬ ನಿಮ್ಮ ವಾದದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕಣ್ಣುರಿ ದೊಡ್ಡಮ್ಮನದು. "ಗ್ಯಾಸ್ ಬಂದ್ಮೇಲೂ ಹೊಗೆ ಕುಡೀಬೇಕಂತೆ ನಾನು! ಯಾರಿಗೋಸ್ಕರ? ಅಟ್ಟದ ಮೇಲೆ ಕೂರ್ಸಿರೋ ನನ್ನ ಸವತಿಯರಿಗೋಸ್ಕರ!" ನೀವು ನಗುತ್ತಾ, "ಸವತಿಯರು ಎದುರು ಮಾತಾಡಲ್ವಲ್ಲೇ, ಅಷ್ಟಾದ್ರೂ ಸಮಾಧಾನ ಪಟ್ಕೋ" ಅಂದಿರಿ. ಆ ದಿನ ನಿಮಗೆ ಊಟಕ್ಕೆ ಯಾರು ಬಡಿಸಿದರು ಎಂಬುದು ನನಗೆ ನೆನಪಿಲ್ಲ.

ಮಾನಂದವಾಡಿಯ ನಿಮ್ಮ ದಾರ-ಗುಂಡಿಯ ಅಂಗಡಿಗೆ ತೋಟದ ಮಾಲೀಕರಾಗಿದ್ದ ಆ ಮುದುಕರು ಬಂದದ್ದನ್ನು ನೀವೆಷ್ಟು ಸಲ ಹೇಳಿದ್ದೀರಿ! ತೀರಾ ತೆಳ್ಳನೆಯ ರೇಷ್ಮೆ ದಾರ, ಚಿನ್ನದ ಬಣ್ಣದ ಜರಿ ಎಳೆ ಕೇಳಿದರು. "ಯಾವ ಬ್ಲೌಸಿಗೆ ಸಾರ್? ಬಣ್ಣ ಹೇಳಿ" ಎಂದು ನೀವು. ಅವರು ಜೇಬಿನಿಂದ ಸಣ್ಣ ಗಾಳವೊಂದನ್ನು ತೆಗೆದು, ಕೋಳಿಗರಿಯೊಂದನ್ನು ಅದರ ಮೇಲಿಟ್ಟು, ನಿಮ್ಮ ದಾರದಿಂದಲೇ ಸುತ್ತಿ ಸುತ್ತಿ, ಅಂಗಡಿಯ ಗಾಜಿನ ಮೇಲೆ ಒಂದು ಹುಳವನ್ನು ಕೂರಿಸಿಬಿಟ್ಟರಂತೆ. ಎರೆಹುಳವಿಲ್ಲ, ಹಿಟ್ಟಿನ ಉಂಡೆಯಿಲ್ಲ. ನೀರಿನ ಮೇಲೆ ಹಗುರಾಗಿ ಎಸೆದರೆ ನಿಜವಾದ ಹುಳ ಬಿತ್ತೆಂದು ಮೀನು ಮೇಲೆದ್ದು ಬರುತ್ತದೆ ಎಂದರಂತೆ. ನೀವು ಅದಕ್ಕೆ 'ಗರಿಹುಳ' ಎಂದು ಹೆಸರಿಟ್ಟಿರಿ. ತೋಟ ಮಾರಿ ಊರು ಬಿಡುವಾಗ ಆ ಮುದುಕರು ಹಸಿರು ಬಟ್ಟೆಯ ರಟ್ಟಿನ ಒಂದು ಹಳೇ ಪುಸ್ತಕ ನಿಮ್ಮ ಕೈಗಿಟ್ಟರು. ಗರಿಹುಳ ಕಟ್ಟುವ ವಿದ್ಯೆಯ ಎರಡನೇ ಸಂಪುಟ. ಮೊದಲನೆಯದು ಅವರ ಬಳಿಯೂ ಇರಲಿಲ್ಲ.

ಅಲ್ಲಿಂದ ಹಿಡಿದ ಹುಚ್ಚು ಅದು. ಊಟಿ, ಕೂನೂರು, ಮೈಸೂರಿನ ಹಳೇ ಪುಸ್ತಕದಂಗಡಿಗಳಿಗೆ ನೀವು ಬರೆದ ಕಾರ್ಡುಗಳೆಷ್ಟು! ಒಂದೊಂದೇ ಪುಸ್ತಕ ಬಂತು. ಬಣ್ಣದ ಚಿತ್ರಪಟಗಳ ಮೇಲೆ ತೆಳುಹಾಳೆ ಹೊದಿಸಿದ್ದು, ಬೆನ್ನು ಹರಿದದ್ದು, ಯಾರೋ ಅಂಚಿನಲ್ಲಿ ಪೆನ್ಸಿಲಿನಿಂದ ಜಗಳವಾಡಿದ್ದು. ಭಾನುವಾರ ಜಗಲಿಯಲ್ಲಿ ಕೂತು ನಾವಿಬ್ಬರೂ ಓದುತ್ತಿದ್ದೆವು. ನಿಮ್ಮ ಇಂಗ್ಲಿಷು ಹೈಸ್ಕೂಲಿನದು, ನನ್ನದು ನಿಘಂಟಿನದು. ಹಸಿರು ಪುಸ್ತಕದಲ್ಲಿ ಪ್ರತಿ ಗರಿಹುಳದ ಕೊನೆಗೂ ಒಂದೇ ಮಾತು: ಮೊದಲ ಸಂಪುಟದಲ್ಲಿ ಹೇಳಿದಂತೆ ಗಂಟು ಹಾಕಿ ಮುಗಿಸಿ. ನೀವು ಪುಸ್ತಕವನ್ನೇ ಗದರುತ್ತಿದ್ದಿರಿ. "ಹೇಳ್ದೆ ಸರಿ ಕಣಯ್ಯಾ, ಯಾರಿಗೆ ಹೇಳ್ದೆ?" ಕೊನೆಗೆ ಗುಂಡಿ ಹೊಲಿದು ದಾರ ಕಡಿಯುವ ಮುನ್ನ ದರ್ಜಿಗಳು ಹಾಕುವ ಗಂಟನ್ನೇ ಹಾಕಿ ಮುಗಿಸಿದಿರಿ. ಆದರೂ ಮೊದಲ ಸಂಪುಟದ ಹಂಬಲ ಬಿಡಲಿಲ್ಲ. ಆ ಗಂಟು ನಿಜಕ್ಕೂ ಹೇಗಿದ್ದೀತು ಎಂದು...

ಹೊಳೆಯ ದಂಡೆಯಲ್ಲಿ ಪಕ್ಕದ ತೋಟದ ಪೌಲೋಸ್ ಚೇಟ್ಟ ನಿಮ್ಮನ್ನು ಕಾಡಿಸದ ದಿನವಿತ್ತಾ? "ಮೀನ್ ಕಿಟ್ಟಿಯೋ ಚೇಟ್ಟಾ?" ಎಂದು ಆಚೆ ದಡದಿಂದ ಕೂಗುವರು. ಸಿಕ್ಕಿತು ಎಂದು ನೀವು. ಎಲ್ಲಿದೆ ಎಂದು ಅವರು. "ಹೊಳೇಲಿ!" ಹಿಡಿದ ಮೀನನ್ನು ಒದ್ದೆ ಕೈಯಲ್ಲೇ ಗಾಳದಿಂದ ಬಿಡಿಸಿ, ಅದು ಉಸಿರು ಹಿಡಿಯುವ ತನಕ ನೀರಲ್ಲಿ ಹಿಡಿದಿದ್ದು, ಬಿಟ್ಟುಬಿಡುತ್ತಿದ್ದಿರಿ. ದೊಡ್ಡಮ್ಮ ಮಸಾಲೆ ಅರೆದಿಟ್ಟುಕೊಂಡು ಕಾದದ್ದೇ ಬಂತು.

ನಾನು ನಿಮಗೆ ಕೊಟ್ಟ ಕಾಟವೂ ಕಡಿಮೆಯಲ್ಲ. ಬಸ್ ಸ್ಟ್ಯಾಂಡಿನ ಪುಸ್ತಕದ ಗಾಡಿ, ಸಭೆಗಳಲ್ಲಿ ಹಂಚುವ ಕಿರುಹೊತ್ತಗೆ, ಊರಿನ ಗ್ರಂಥಾಲಯ ವಾಯನಶಾಲೆಯ ಕೆಳಗಿನ ಗೂಡಲ್ಲಿ ಧೂಳು ತಿನ್ನುತ್ತಿದ್ದ ಕರಪತ್ರ, ಇವೇ ನನ್ನ ವಿಶ್ವವಿದ್ಯಾಲಯ. ಕಾಡು ಯಾರದು, ಹೊಳೆ ಯಾರದು, ಭೂಮಿ ಯಾರದು ಎಂದು ಕೇಳುವುದನ್ನು ಅಲ್ಲೇ ಕಲಿತೆ. ಬಂದು ನಿಮ್ಮ ಮೇಲೆ ಪ್ರಯೋಗಿಸಿದೆ. "ದೊಡ್ಡಪ್ಪ, ಇದು ದೊರೆಗಳ ಶೋಕಿ. ನಮ್ಮ ಗುಡ್ಡ ಬೋಳಿಸಿ ಟೀ ಹಾಕಿದವರು ಸಂಜೆ ಹೊತ್ತು ಹೋಗೋಕೆ ಕಟ್ಟಿಕೊಂಡ ಆಟ. ಅವರ ಪುಸ್ತಕ ನಾವ್ಯಾಕೆ ಕಾಪಾಡ್ಬೇಕು?" ನೀವು ಗಾಳದಿಂದ ಕಣ್ಣೆತ್ತದೆ ಹೇಳಿದಿರಿ: "ಓದಿ ಬೈಯಿ ಮಗಾ. ಓದ್ದೆ ಬೈದ್ರೆ ಅವರಿಗೆ ತಾಗಲ್ಲ." ಹಾಗೆ ನನ್ನನ್ನು ಓದಲು ಹಚ್ಚಿದವರು ನೀವು. ಬೈಯುವ ಆಸೆಗೆ ಶುರುಮಾಡಿದವಳು, ಬೆಳಗಿನ ಮಂಜಲ್ಲಿ ಹೊಳೆ ನೋಡುತ್ತಾ ಗಂಟೆಗಟ್ಟಲೆ ಸುಮ್ಮನೆ ಕೂರುವ ಮನುಷ್ಯರ ಬಗ್ಗೆ ಓದಿ, ಸಿಟ್ಟು ಎಲ್ಲಿಟ್ಟೆನೆಂದು ಹುಡುಕಬೇಕಾಯಿತು.

ಒಂದು ಸಲ ಸಿಟ್ಟು ಸಿಕ್ಕಿತು. ಮೈಸೂರಿನ ಹಳೇ ಪುಸ್ತಕದಂಗಡಿಗೆ ಹೊರಟಿದ್ದೆವು, ಕಲ್ಲೂರಿನಲ್ಲಿ ಅತ್ತೆಯ ಮನೆಯಲ್ಲಿ ಉಳಿದು. ಬಸ್ಸು ಕಾಡಿನ ನಡುವೆ ಪೊನ್ಕುಳಿ ದಾಟುವಾಗ ರಸ್ತೆಯಂಚಲ್ಲಿ ಒಂದು ಕಾಡುಕೋಳಿ ಹುಂಜ, ಬಿಸಿಲಿಗೆ ಕತ್ತು ಹಿಗ್ಗಿಸಿ ನಿಂತಿತ್ತು. ಕತ್ತಿನ ಗರಿಗಳ ಮೇಲೆ ಮೇಣದ ಹನಿ ಬಿದ್ದಂತೆ ಬಿಳಿ-ಹಳದಿ ಚುಕ್ಕೆ. ನನ್ನ ತೊಡೆಯ ಮೇಲಿದ್ದ ಪುಸ್ತಕದಲ್ಲಿ ಅದೇ ಗರಿಯ ಚಿತ್ರ! ಪುಟ ಪುಟಕ್ಕೂ ಅದೇ ಬೇಕಂತೆ, ಗರಿಹುಳಕ್ಕೆ ಕಣ್ಣು ಮಾಡಲು. ಇಲ್ಲಿಂದ ಎಷ್ಟು ಹಕ್ಕಿಗಳ ಕತ್ತು ಹಡಗು ಹತ್ತಿರಬೇಕು? ನಾನು ಬಸ್ಸಿನಲ್ಲೇ ಕಿರುಚಾಡಿದೆ. ಕಂಡಕ್ಟರ್ ತಿರುಗಿ ನೋಡಿದ. ನೀವು ಮೆಲ್ಲಗೆ, "ಅದಕ್ಕೇ ತಾನೆ ನಿನ್ನ ಉಗುರುಬಣ್ಣ ಕದ್ದಿದ್ದು" ಅಂದಿರಿ. ಊರಕೋಳಿಯ ಗರಿಗೆ ನನ್ನ ಬಿಳಿ ಉಗುರುಬಣ್ಣದ ಚುಕ್ಕೆಯಿಟ್ಟು ನೀವು ಕಟ್ಟಿದ ಗರಿಹುಳಗಳು ಆಗ ನೆನಪಾದವು. ಬಾಟಲಿ ಹೇಗೆ ಖಾಲಿಯಾಗುತ್ತದೆ ಎಂದು ಪತ್ತೆಯೇ ಆಗಿರಲಿಲ್ಲ ನನಗೆ. ಅಷ್ಟು ದೊಡ್ಡ ಸಿಟ್ಟು ಒಂದೇ ಸಲಕ್ಕೆ ನಗುವಾಯಿತು.

ಮತ್ತೊಂದು ಜಗಳ ಮಾತ್ರ ಮುಗಿಯಲಿಲ್ಲ. ಇಷ್ಟು ಪುಸ್ತಕ ಒಬ್ಬರ ಅಟ್ಟದಲ್ಲಿ ಇರಬಾರದು, ನಾಲ್ಕು ಜನ ಓದಬೇಕು ಎಂದು ನನ್ನ ಹಟ. "ಮೊದಲ ಸಂಪುಟ ಸಿಗ್ಲಿ, ಆಮೇಲೆ ಬಾಗಿಲು ತೆಗೆಯೋಣ" ಎಂದು ನಿಮ್ಮದು. ಅರ್ಧ ವಿದ್ಯೆಯನ್ನು ಜನರ ಮುಂದಿಡಲು ನಿಮಗೆ ನಾಚಿಕೆ. ಆಸ್ಪತ್ರೆಯ ಮಂಚದ ಮೇಲೂ ಕೇಳಿದಿರಿ, ಊಟಿಯಿಂದ ಉತ್ತರ ಬಂತಾ ಎಂದು. ಇಲ್ಲ ಎಂದೆ. ಬರುತ್ತೆ ಎಂದಿರಿ, ಆಮೇಲೆ...

ನೀವು ಹೋದ ಮೇಲಿನ ಮಳೆಗಾಲದಲ್ಲಿ ಒಲೆ ತಣ್ಣಗಿತ್ತು. ನಾನು ಹಚ್ಚಲು ಹೋದರೆ ದೊಡ್ಡಮ್ಮ ಕೈ ಹಿಡಿದಳು. "ಬ್ಯಾಡ ಕಣೇ. ಒಲೆ ಉರಿದ್ರೆ ಅವರು ಏಣಿ ಹತ್ತೋ ಸದ್ದು ಕೇಳ್ದಂಗಾಗುತ್ತೆ." ಪುಸ್ತಕಗಳನ್ನು ನನ್ನ ಕೋಣೆಗೆ ಇಳಿಸಿ ಕರ್ಪೂರವಿಟ್ಟೆ. ಆಟಿ ತಿಂಗಳ ಮಳೆ ಮುಗಿಯುವುದರೊಳಗೆ ಹಸಿರು ರಟ್ಟಿನ ಮೇಲೆ ಹಾಲು ಚೆಲ್ಲಿದಂತೆ ಬೂಷ್ಟು. ಒರೆಸಿದಷ್ಟೂ ಬಂತು. ಅದನ್ನು ನೋಡಿದ ದೊಡ್ಡಮ್ಮ, "ಕಣ್ಣೆದುರಿಗೇ ಕೊಳೆಯೋದು ನೋಡಕಾಗಲ್ಲ. ಚೆನ್ನಾಗಿ ಇಟ್ಕೊಳ್ಳೋರು ಇದ್ರೆ ಕೊಟ್ಬಿಡಣ" ಎಂದಳು. ಅಷ್ಟರಲ್ಲೇ ಹೊಳೆಯಾಚೆ ಹೊಸದಾಗಿ ಎದ್ದ ರೆಸಾರ್ಟಿನವರಿಗೆ ಹಳೇ ಮೀನುಗಾರಿಕೆಯ ಪುಸ್ತಕಗಳು ಬೇಕಂತೆ ಎಂದು ಸುದ್ದಿ ಬಂತು. ಗಾಜಿನ ಕಪಾಟು, ತೇವ ಹೀರುವ ಯಂತ್ರ ಎಲ್ಲಾ ಇದೆಯಂತೆ. ದೊಡ್ಡಮ್ಮ ಹೂಂ ಅಂದುಬಿಟ್ಟಳು. ಪುಸ್ತಕ ಅವಳದು, ನನಗೇನು ಅಧಿಕಾರ?

ಮೈಸೂರು ಕಡೆಯ ಹುಡುಗನೊಬ್ಬ ಬಂದ, ರೆಸಾರ್ಟಿನ ಒಳಗಿನ ಅಲಂಕಾರ ನೋಡಿಕೊಳ್ಳುವವನು. ಬಹಳ ಮರ್ಯಾದಸ್ಥ. ಒಂದು ಪುಸ್ತಕ ತೆರೆದ, ಮೂಗಿಗೆ ಕರವಸ್ತ್ರ ಹಿಡಿದ.

"ಏನು ಮೇಡಂ, ಸ್ಮೆಲ್ಲು?"

"ಹೊಗೆ," ಎಂದೆ. "ಹೋಗಲ್ಲ. ಹಾಳೆ ಒಳಗೇ ಇಳಿದಿದೆ."

"ಗೆಸ್ಟ್‌ಗಳಿಗೆ ಆಗಲ್ವಲ್ಲ..." ಸ್ವಲ್ಪ ಯೋಚಿಸಿದ. "ಪರವಾಗಿಲ್ಲ ಬಿಡಿ. ನಮಗೆ ಬೆನ್ನು ಸಾಕು."

"ಬೆನ್ನು ಅಂದ್ರೆ ಎಂಥದಪ್ಪಾ?" ದೊಡ್ಡಮ್ಮ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಇದೇ ಅಮ್ಮಾ, ಹೆಸರು ಬರೆದಿರೋ ಪಟ್ಟಿ. ಇದನ್ನ ನೀಟಾಗಿ ಕೊಯ್ದು ಹಲಗೆಗೆ ಅಂಟಿಸ್ತೀವಿ. ದೂರದಿಂದ ನೋಡಿದ್ರೆ ಲೈಬ್ರರಿ ಥರಾನೇ ಕಾಣುತ್ತೆ. ಒಳಗಿನ ಹಾಳೆ ನೀವೇ ಇಟ್ಕೊಳ್ಳಿ, ಒಲೆಗಾದ್ರೂ ಆಗುತ್ತೆ."

ನನ್ನ ಬಾಯಲ್ಲಿ ಇಡೀ ಒಂದು ಕರಪತ್ರ ಸಿದ್ಧವಾಗಿತ್ತು. ಬೇಕಾಗಲಿಲ್ಲ, ದೊಡ್ಡಪ್ಪ. ದೊಡ್ಡಮ್ಮ ತಟ್ಟೆ ಕೆಳಗಿಟ್ಟಳು.

"ಒಲೆಗಾ? ಇವು ಉಳೀಲಿ ಅಂತ ಇಷ್ಟು ವರ್ಷ ಒಲೆ ಉರಿಸ್ದವಳು ಕಣಪ್ಪಾ ನಾನು. ನೋಡು ಈ ಕಣ್ಣು. ಸವತಿಯರೇ ಆಗ್ಲಿ, ಚರ್ಮ ಸುಲಿಯೋಕೆ ಕೊಟ್ಬಿಡ್ತೀನಾ? ಕಾಫಿ ಕುಡಿ, ಆರೋಗುತ್ತೆ. ಕುಡ್ಕೊಂಡು ಹೊರಡು."

ಪಾಪ, ಆತ ಕಾಫಿ ಪೂರ್ತಿ ಕುಡಿದ. ಅವನು ಗೇಟು ದಾಟುವ ಮೊದಲೇ ದೊಡ್ಡಮ್ಮ ಸೌದೆ ಮುರಿಯುತ್ತಿದ್ದಳು. ಮಳೆ ಬಿಡುವು ಕೊಟ್ಟ ದಿನ ಒಂದೊಂದೇ ಪುಸ್ತಕ ಒರೆಸಿ, ಎಳೆ ಬಿಸಿಲಲ್ಲಿ ಬಿಚ್ಚಿಟ್ಟು, ಮತ್ತೆ ಅಟ್ಟಕ್ಕೇರಿಸಿದೆವು. ನಾನು ಏಣಿಯ ಮೇಲೆ, ಅವಳು ಕೆಳಗೆ. ಬೂಷ್ಟಿನ ಕಲೆ ಉಳಿದಿದೆ, ಸುಳ್ಳು ಹೇಳುವುದಿಲ್ಲ. ಅಕ್ಷರಗಳು ಉಳಿದಿವೆ.

ಆಮೇಲೆ ನಿಮ್ಮ ಷರತ್ತು ಮೀರಿದೆ. ಮೊದಲ ಸಂಪುಟಕ್ಕೆ ಕಾಯದೆ ಬಾಗಿಲು ತೆಗೆದೆ. ಅರ್ಧವೇ ಇದ್ದರೂ ಬೆಳಕಿಗೆ ಬರಲಿ, ಮುಚ್ಚಿಟ್ಟ ಅರ್ಧವನ್ನು ಯಾರು ಬೇಕಾದರೂ ಬೆನ್ನು ಕೊಯ್ದು ಒಯ್ಯಬಹುದು ಎಂದು ಅನಿಸಿತ್ತು. ಈಗ ಭಾನುವಾರ ಜಗಲಿಗೆ ಪುಸ್ತಕಗಳು ಇಳಿಯುತ್ತವೆ. ಬೋರ್ಡಿಲ್ಲ, ಸದಸ್ಯತ್ವವಿಲ್ಲ, ಇಲ್ಲೇ ಕೂತು ಓದಬೇಕು ಅಷ್ಟೇ. ಮೊದಲು ಬಂದ ಓದುಗ ಯಾರು ಹೇಳಿ? ಪೌಲೋಸ್ ಚೇಟ್ಟ! ಕನ್ನಡಕ ಮರೆತು ಬಂದು, ಚಿತ್ರ ನೋಡಿ ಹೋದರು. ಮರುವಾರ ಕನ್ನಡಕದ ಜೊತೆ ತಮ್ಮ ಹುಂಜದ ಗರಿಯನ್ನೂ ತಂದರು. ಕಾಲೇಜಿನ ಹುಡುಗಿಯರಿಬ್ಬರು ಬರುತ್ತಾರೆ. ಕಾಡುಕೋಳಿಯ ಗರಿ ಕೇಳುವ ಪ್ರತಿ ಪುಟಕ್ಕೂ ನಾನೊಂದು ಚೀಟಿ ಸೇರಿಸಿದ್ದೇನೆ: "ಈ ಹಕ್ಕಿ ನಮ್ಮ ಕಾಡಿನದು. ಅದರ ಕತ್ತು ಅದಕ್ಕೇ ಇರಲಿ. ಊರಕೋಳಿಯ ಗರಿಗೆ ಉಗುರುಬಣ್ಣ ಹಚ್ಚಿ." ಓದಿ ಬೈಯುವುದು ಅಂದರೆ ಹೀಗೇ ತಾನೆ?

ಆ ಹುಡುಗಿಯರಲ್ಲೊಬ್ಬಳು ಕೇಳಿದಳು, "ಚೇಚಿ, ನಮ್ಮ ಹೊಳೆಯ ಹುಳ ಇದರಲ್ಲಿ ಯಾವುದು?" ಇಲ್ಲ. ಒಂದೂ ಇಲ್ಲ. ಎಲ್ಲಾ ಅವರ ಹೊಳೆಯವೇ. ಹಾಗಾಗಿ ಈಗ ನಾವು ಕಲ್ಲು ಮಗುಚಿ, ಅಡಿಯಲ್ಲಿ ಅಂಟಿಕೊಂಡ ಹುಳಗಳನ್ನು ನೋಡಿ, ಬಿಡಿಸಿಕೊಳ್ಳುತ್ತಿದ್ದೇವೆ. ನಮ್ಮ ಹೊಳೆಯ ಹುಳಗಳ ಒಂದು ಕಿರುಹೊತ್ತಗೆ ಬರುತ್ತದೆ, ಕನ್ನಡದಲ್ಲೂ ಮಲಯಾಳದಲ್ಲೂ. ನಿಮ್ಮ ಅಟ್ಟದಲ್ಲಿ ಈ ಊರಿನ ಪುಸ್ತಕವೂ ಒಂದಿರಬೇಕು. ಇದು ನನ್ನ ಮಾತು.

ಇನ್ನು ಉಳಿದ ಸುದ್ದಿ. ನಿಮ್ಮ ಹಾಗೆಯೇ ನಾನೂ ಕಾರ್ಡು ಬರೆಯುವುದನ್ನು ಬಿಟ್ಟಿರಲಿಲ್ಲ. ಹೋದ ವಾರ ಊಟಿಯಿಂದ ಒಂದು ಕಟ್ಟು ಬಂತು. ಯಾವುದೋ ಬಂಗಲೆ ಖಾಲಿ ಮಾಡುವಾಗ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ. ಅದೇ ಹಸಿರು ಬಟ್ಟೆ, ಅದೇ ರಟ್ಟು. ಮೊದಲ ಸಂಪುಟ, ದೊಡ್ಡಪ್ಪ. ಮೊದಲ ಸಂಪುಟ!

ಗಂಟಿನ ಪುಟ ತೆರೆದೆ. ಅವರ ಗಂಟು ಬೇರೆ. ನಿಮ್ಮದಕ್ಕಿಂತ ಸಣ್ಣದು, ಚೆಂದದ್ದು, ದಾರದ ತುದಿ ಎಲ್ಲಿ ಹೋಯಿತೆಂದು ಕಾಣುವುದೇ ಇಲ್ಲ. ನೀವು ನೋಡಿದ್ದರೆ ಅರ್ಧ ದಿನ ಮಾತಾಡುತ್ತಿರಲಿಲ್ಲ, ಉಳಿದರ್ಧ ದಿನ ಅದನ್ನೇ ಹಾಕುತ್ತಿದ್ದಿರಿ. ಆದರೆ ನೀವು ಗುಂಡಿಯ ಗಂಟು ಹಾಕಿ ಮುಗಿಸಿದ ಗರಿಹುಳಗಳ ಡಬ್ಬಿ ನನ್ನ ಬಳಿ ಇದೆ. ಒಂದೂ ಬಿಚ್ಚಿಲ್ಲ. ಹೊತ್ತಗೆಯಲ್ಲಿ ಎರಡು ಗಂಟನ್ನೂ ಅಕ್ಕಪಕ್ಕ ಬರೆಯುತ್ತೇನೆ.

ಹೊಸ ಪುಸ್ತಕವನ್ನು ದೊಡ್ಡಮ್ಮ ಕೈಗೆತ್ತಿಕೊಂಡು ಮೂಸಿ ನೋಡಿದಳು. "ಏನೂ ವಾಸ್ನೆನೇ ಇಲ್ವಲ್ಲೇ ಇದಕ್ಕೆ" ಎಂದು ಮೂಗು ಮುರಿದಳು. ನಾನು ಜಗಲಿಯ ಮೇಜಿನ ಮೇಲಿಡೋಣ ಎಂದೆ. ಅವಳು ಕೇಳಲಿಲ್ಲ. ಮಂಡಿನೋವಿನ ಕಾಲಲ್ಲೇ ತಾನೇ ಏಣಿ ಹತ್ತಿ, ಎರಡನೇ ಸಂಪುಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಜಾಗ ಮಾಡಿ ಇಟ್ಟಳು.

"ಒಂದು ಮಳೆಗಾಲ ಇಲ್ಲಿರ್ಲಿ," ಎಂದಳು ಮೇಲಿನಿಂದ. "ನಮ್ಮನೇದಾಗುತ್ತೆ."

ನಿಮ್ಮ ಮಗಳು