ತಪ್ಪಾಯ್ತು ಬುದ್ಧಿ

ಅಪ್ಪ,

ನೀನು ಬದುಕಿದ್ದರೂ ಇದನ್ನು ನಂಬುತ್ತಿರಲಿಲ್ಲ. ಇವತ್ತು ಟೀವಿಯಲ್ಲಿ ಯಾವುದೋ ದೂರದ ದೇಶದ ಪ್ರಧಾನಿ ತಲೆ ತಗ್ಗಿಸಿ ನಿಂತಿದ್ದರು. ಮುತ್ತಜ್ಜಂದಿರ ಕಾಲದಲ್ಲಿ ಅಲ್ಲಿನ ಸರ್ಕಾರವೇ ಜನರನ್ನು ಗುಲಾಮರಾಗಿ ಮಾರಿಸಿತ್ತಂತೆ, ಅದಕ್ಕೀಗ ಕ್ಷಮೆ ಕೇಳುತ್ತಿದ್ದಾರೆ ಎಂದು ಅವ್ವನಿಗೆ ಹೇಳಿದೆ.

“ಸರ್ಕಾರ್‍ದೋರೇ ತಪ್ಪಾಯ್ತು ಅಂತಾವ್ರಾ?” ಅವ್ವ ಎದ್ದು ನಿಂತುಬಿಟ್ಟಳು.

ಮಂಡಕಳ್ಳಿ ಕಡೆ ನೀನು ಜೀತಕ್ಕಿದ್ದಷ್ಟು ಕಾಲವೂ ಆ ಮಾತು ನಿನ್ನದೇ ಆಗಿತ್ತು. ನೆರಳಿಗೆ ಕೂತರೂ ಯಜಮಾನರಿಗೆ “ತಪ್ಪಾಯ್ತು ಬುದ್ಧಿ”, ಜ್ವರ ಬಂದು ಮಲಗಿದರೂ “ತಪ್ಪಾಯ್ತು ಬುದ್ಧಿ”. ಅದು ಮೇಲಿನವರ ಬಾಯಲ್ಲಿ ಬಂದದ್ದನ್ನು ನಾವು ಕಂಡದ್ದು ಇದೇ ಮೊದಲು.

ಅವ್ವ ನಿಂತಲ್ಲೇ ಕೇಳಿದಳು, “ಅವ್ರು ಅಂಗಂದ್ರೆ ನಾವೇನ್ ಅನ್ಬೇಕು ಮಗಾ?”

ನಿನ್ನನ್ನೇ ಕೇಳೋಣವೆಂದರೆ, ನಿನಗೂ ಯಾರೂ ಹಾಗೆ ಅಂದಿರಲಿಲ್ಲವಲ್ಲ, ಅಪ್ಪ.