ಸೊಸಿಯೇತೆ ಎಂದರೆ

ಮೇ ೧೨, ಮಂಗಳವಾರ. ಯಲ್ಲಾಪುರ.

ಇವತ್ತು ನಂದೊಳ್ಳಿಯ ಹೆಂಗಸರ ಸೊಸೈಟಿಯ ಅಪ್ಪೆಮಿಡಿ ಉಪ್ಪಿನಕಾಯಿ ಕೊಳ್ಳಲು ಬಂದ ಫ್ರೆಂಚ್ ವ್ಯಾಪಾರಿಗೆ ನಾನೇ ದುಭಾಷಿ. ಉಪ್ಪಿನಕಾಯಿಯ ಹೆಸರಿನ ಹಕ್ಕು ಇನ್ನು ‘ಸೊಸಿಯೇತೆ’ಯದು ಎಂದು ಅವನು ಫ್ರೆಂಚಿನಲ್ಲಿ ಹೇಳಿದ. ನಾನು ಬಾಯಿ ತೆರೆಯುವ ಮೊದಲೇ, ತಮ್ಮ ಸೊಸೈಟಿ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ನಕ್ಕ. ಆ ಪದಕ್ಕೆ ಸಮಾಜ ಎಂಬ ಅರ್ಥವೂ ಇದೆ, ನಾನು ಸುಮ್ಮನಿರಬಹುದಿತ್ತು.

“ಅದು ನಿಮ್ಮ ಸೊಸೈಟಿ ಅಲ್ಲ. ಅವರ ಕಂಪನಿ,” ಎಂದೆ.

ಚಪ್ಪಾಳೆ ನಿಂತಿತು. ಅಧ್ಯಕ್ಷೆ ಮಮತಕ್ಕ ಎದ್ದರು. “ಹೆಸರು ಕೊಡೂದಿಲ್ಲೆ ಹೇಳು ಜೊಹರಾ. ಉಪ್ಪಿನಕಾಯಿ ಬೇಕಾರೆ ತಗಳ್ಲಿ.”

ಹೇಳಿದೆ. ಅವನು ನನ್ನನ್ನು ದುರುಗುಟ್ಟಿ ನೋಡಿ, ಏನೂ ಕೊಳ್ಳದೆ ಕಾರು ಹತ್ತಿದ.

ನಾನು ಮಾಡಿದ್ದು ಸರಿ. ಆದರೂ ಬಸ್ಸಿನವರೆಗೆ ಜೊತೆಗೆ ಬಂದ ಮಮತಕ್ಕ ಮಾರಾಟವಾಗದ ಒಂದು ಭರಣಿಯನ್ನು ನನ್ನ ಚೀಲಕ್ಕೆ ಹಾಕಿದರು. ಬೈದಿದ್ದರಾದರೂ ಮನಸ್ಸು ಹಗುರಾಗುತ್ತಿತ್ತು.