ಅಮ್ಮ ಹಾಡಿದ ಹೆಸರು

ಊರಿನ ಮನೆಯಿಂದ,
ಅಕ್ಟೋಬರ್ 9, 1938, ಭಾನುವಾರ

ನನ್ನ ಒಡಹುಟ್ಟಿದ ಗೀಕಾಸಣ್ಣನಿಗೆ,

ನಿನ್ನ ತಂಗಿ ಪಾಗೋನಾ ಬರೆಯುವ ಕಾಗದ. ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ಬಿಡು.

ಇದನ್ನು ಕಣ್ಣಲ್ಲಿ ಓದಬೇಡ, ಬಾಯಿಬಿಟ್ಟು ಓದು. ಹಡಗಿನ ತಳದಲ್ಲಿ ಯಾರೂ ಇಲ್ಲದಾಗ ಓದು. ಅಕ್ಷರ ಗ್ರೀಕಿನದು, ಮಾತು ನಮ್ಮ ಅರ್ವಾನಿತಿಕಾ. ನಮ್ಮ ಮಾತನ್ನು ಯಾರಾದರೂ ಬರೆದದ್ದನ್ನು ನಾನು ಕಂಡವಳಲ್ಲ, ತೋಚಿದಂತೆ ಬರೆದಿದ್ದೇನೆ. ನಮ್ಮ 'ಶ' ಅವರ ಅಕ್ಷರಮಾಲೆಯಲ್ಲಿಲ್ಲ, ಅದಕ್ಕೆ ಅವರ 'ಸ'ದ ತಲೆಯ ಮೇಲೊಂದು ಚುಕ್ಕಿ ಇಟ್ಟಿದ್ದೇನೆ. ಈ ಅಕ್ಷರಗಳನ್ನು ಮೇಷ್ಟ್ರು ಬೆರಳ ಗೆಣ್ಣಿಗೆ ಬಾರಿಸಿ ಬಾರಿಸಿ ಕಲಿಸಿದ್ದು ನಮ್ಮ ಮಾತನ್ನು ಮರೆಸಲಿಕ್ಕೆ. ನೋಡಿದರೆ ಹೊಟ್ಟೆ ಉರಿದು ಸಾಯುತ್ತಾನೆ, ಸಾಯಲಿ. ದಾರಿಯಲ್ಲಿ ಯಾರು ಒಡೆದು ನೋಡಿದರೂ ಇದು ಅವರಿಗೆ ತಿಳಿಯಬಾರದು.

ನಿನ್ನ ಕಾಗದ ಬಂತು. ಈ ತಿಂಗಳ ಸಂತ ದಿಮಿತ್ರಿಯ ಹಬ್ಬದೊಳಗೆ ಪಿರೇಯಸ್ ಬಂದರಿನಲ್ಲಿ ಇಳಿಯುತ್ತೇನೆ, ಅಪ್ಪನ ಕೋವಿಗೆ ಎಣ್ಣೆ ಹಾಕಿಡು ಎಂದು ಬರೆದಿದ್ದೀಯ. ಅಮ್ಮ ಅಪ್ಪನ ಹೆಣದ ಮುಂದೆ, ಕೊಂದವನೆಂದು ಪಕ್ಕದ ಮರಗಳ ಲೇಕಾಸನ ಹೆಸರು ಹಿಡಿದು ಹಾಡಿದಳೆಂದು ಸ್ತಮಾತಾ ಅತ್ತೆ ನಿನಗೆ ಬರೆಸಿದ್ದಾಳೆ. ಹಾಡಿದ್ದು ನಿಜ. ಆದರೆ ಅಣ್ಣ, ಅಪ್ಪನನ್ನು ಕೊಂದದ್ದು ಲೇಕಾಸನಲ್ಲ. ನಿನಗೆ ಕೈಮುಗಿದು ಹೇಳುತ್ತೇನೆ, ಅವನನ್ನು ಮುಟ್ಟಬೇಡ.

ನೀನು ಹಡಗು ಹತ್ತಿದ ವರ್ಷವೇ ಅಪ್ಪ ಊರಿನ ಅಧ್ಯಕ್ಷನಾದ. ಅಂದು ಸಂಜೆ ಬೆಲ್ಟು ಬಿಚ್ಚಿ ಮೇಜಿನ ಮೇಲಿಟ್ಟು, "ಇನ್ಮೇಲೆ ಈ ಮನೇಲಿ ಗ್ರೀಕು ಒಂದೇ. ಆ ಕಾಡುಭಾಷೆ ಕಿವಿಗೆ ಬಿದ್ರೆ ನಾಲಿಗೆ ಸೀಳ್ತೀನಿ" ಅಂದ. ನನಗೇನು, ಶಾಲೆಗೆ ಹೋದವಳು. ಅಮ್ಮನಿಗೆ ಗ್ರೀಕಿನಲ್ಲಿ ಬರುತ್ತಿದ್ದುದು 'ಹೌದು', 'ಇಲ್ಲ', 'ದೇವರೇ ಕಾಪಾಡು', ಮೂರೇ. ಮೊದಲ ವಾರ ಬಾಯಿ ತಪ್ಪಿ ಎರಡು ಹಲ್ಲು ಕಳಕೊಂಡಳು. ಆಮೇಲೆ ಮಾತೇ ಬಿಟ್ಟಳು. ಮೂರು ವರ್ಷ, ಅಣ್ಣ! ಅಪ್ಪ ಹೊರಗೆ ಹೋದಾಗ ಕೋಳಿಗಳ ಜೊತೆ ಪಿಸುಗುಡುತ್ತಿದ್ದಳು. ನಾನು ಉತ್ತರ ಕೊಡಲೂ ಹೆದರುತ್ತಿದ್ದೆ.

ಆಗಸ್ಟಿನಲ್ಲಿ ಮಾತೆ ಮರಿಯಳ ಹಬ್ಬಕ್ಕೆ ಥೀಬ್ಸ್‌ನಿಂದ ಒಬ್ಬ ದೊಡ್ಡ ಅಧಿಕಾರಿ ಊಟಕ್ಕೆ ಬಂದ. ಅಮ್ಮನ ಕಾಲ ಮೇಲೆ ಕುದಿಯುವ ಮಾಂಸದ ಸಾರು ಚೆಲ್ಲಿತು. ಅಯ್ಯೋ ಅವ್ವಾ ಎಂದು ಕಿರುಚಿದಳು, ನಮ್ಮ ಮಾತಿನಲ್ಲಿ. ಸುಟ್ಟಾಗ ಯಾರು ಭಾಷೆ ಆರಿಸಿಕೊಂಡು ಕಿರುಚುತ್ತಾರೆ? ಆ ಅಧಿಕಾರಿ ಬಾಯಿ ಒರೆಸಿಕೊಂಡು ನಕ್ಕ. "ಏನ್ರೀ ಅಧ್ಯಕ್ಷರೇ, ನಿಮ್ಮನೇಲೇ ಇನ್ನೂ ಹೀಗೆ ಬೊಗಳ್ತಾರಾ?" ಅಂದ. ಅಪ್ಪನೂ ನಕ್ಕ.

ಮರುದಿನ ಬೆಳಿಗ್ಗೆ ಅಂಟು ಇಳಿಸಲು ಮೂವರೂ ಪೈನ್ ಕಾಡಿಗೆ ಹೋದೆವು. ಅಪ್ಪ ಅಮ್ಮನನ್ನು ಮರಕ್ಕೆ ಒತ್ತಿ, ದವಡೆ ಹಿಂಡಿ, ನಾಲಿಗೆ ಎಳೆದು ಹಿಡಿದ. ತೊಗಟೆ ಕೆತ್ತುವ ಬಾಚಿ ಬೀಸಿದ. ಅಮ್ಮ ಮುಖ ತಿರುಗಿಸಿದ್ದರಿಂದ ತುಟಿಯೂ ನಾಲಿಗೆಯ ಅಂಚೂ ಸೀಳಿದವು. ಎರಡೂ ಕೈಯಲ್ಲಿ ಬಾಯಿ ಒತ್ತಿ ಹಿಡಿದು ಕುಸಿದಳು. ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. ಅಪ್ಪ ಮತ್ತೆ ಬಾಚಿ ಎತ್ತಿದ. ಅಮ್ಮ ಅದನ್ನು ಕಿತ್ತುಕೊಂಡು ಅವನ ಕುತ್ತಿಗೆಗೆ ಹಾಕಿದಳು. ಅಷ್ಟೇ ನಡೆದದ್ದು.

ಕೂಗು ಕೇಳಿ ಪಕ್ಕದ ಮರಗಳಿಂದ ಲೇಕಾಸ ಓಡಿ ಬಂದ. ಎಲ್ಲ ನೋಡಿದ. ನಲವತ್ತು ಮರದ ಗಡಿಗಾಗಿ ಅಪ್ಪನ ಜೊತೆ ಹತ್ತು ವರ್ಷ ಜಗಳವಾಡಿದ ಮನುಷ್ಯ ಟೋಪಿ ತೆಗೆದು, "ಬೆಸಾ ಕೊಡ್ತೀನಿ ಕಣವ್ವಾ, ಸಾಯೋತನಕ ಬಾಯಿ ಬಿಡಲ್ಲ" ಅಂದ. ಬೆಸಾ ಕೊಟ್ಟವನು ನಮ್ಮಲ್ಲಿ ಎಂದಾದರೂ ಮಾತು ಮುರಿದದ್ದುಂಟೇ? ತನ್ನ ಹೇಸರಗತ್ತೆಯ ಮೇಲೇ ಹೆಣ ಹೇರಿಕೊಂಡು ಬಂದ. ಬಂಡೆಯಿಂದ ಜಾರಿ ಬಾಚಿಯ ಮೇಲೇ ಬಿದ್ದ ಎಂದು ಪೊಲೀಸಿನವನಿಗೆ ಹೇಳಿದ. ಅವನು ಹಾಗೆಯೇ ಬರೆದುಕೊಂಡ.

ಹೆಣದ ಸುತ್ತ ಹೆಂಗಸರು ಕೂತಾಗ ಸ್ತಮಾತಾ ಅತ್ತೆ ನನ್ನನ್ನೇ ದಿಟ್ಟಿಸಿ, "ಅಲ್ವೇ, ಹೆಣ ಮನೇಲಿಟ್ಕೊಂಡು ಏಪ್ರನ್ ಯಾಕೇ ಒಗೆದು ಹಾಕಿದೀಯಾ?" ಅಂದಳು. ಎಲ್ಲರ ತಲೆಯೂ ನನ್ನತ್ತ ತಿರುಗಿತು. ಆಗ ಅಮ್ಮ ಬಾಯಿ ತೆರೆದಳು. ಮೂರು ವರ್ಷದ ಮೇಲೆ, ಆ ಸೀಳಿದ ನಾಲಿಗೆಯಲ್ಲಿ! ಅಪ್ಪನ ಹೆಸರು ಕೂಗಿ, ಕೋಲ್ಯಾಸಾ, ನಲವತ್ತು ಮರಕ್ಕೆ ನಿನ್ನ ಕೊರಳು ಕೊಯ್ದನಲ್ಲೋ ಲೇಕಾಸ, ಕೊಯ್ದ ಕೈಯಲ್ಲೇ ಹೊತ್ತು ತಂದನಲ್ಲೋ ಎಂದು ಹಾಡಿದಳು. ತಲೆವಸ್ತ್ರವೆಲ್ಲ ರಕ್ತ. ದುಃಖಕ್ಕೆ ಮುಖ ಪರಚಿಕೊಂಡಿದ್ದಾಳೆ ಎಂದು ಎಲ್ಲರೂ ತಿಳಿದರು. ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದ ಪೊಲೀಸಿನವನು, ಬೇರೆ ಸೀಮೆಯವನು, ಒಂದು ಪದವೂ ತಿಳಿಯದೆ ಶಿಲುಬೆಯ ಗುರುತು ಮಾಡಿ, "ಪಾಪ, ಗಂಡನ ಮೇಲೆ ಎಷ್ಟು ಪ್ರೀತಿ" ಅಂದ. ಅವನ ಪಕ್ಕದಲ್ಲೇ ಲೇಕಾಸ ನಿಂತಿದ್ದ. ಅವನಿಗೆ ಪ್ರತಿ ಪದವೂ ತಿಳಿಯಿತು. ತುಟಿ ಬಿಚ್ಚಲಿಲ್ಲ.

ಅಂದಿನಿಂದ ಅವನ ಮಕ್ಕಳಿಗೆ ಬಾವಿಯಲ್ಲಿ ನೀರು ಸೇದಲು ಬಿಡುತ್ತಿಲ್ಲ. ಆ ಹೇಸರಗತ್ತೆಯ ಗಂಟಲು ಯಾರೋ ಸೀಳಿದ್ದಾರೆ. ನಿನ್ನೆ ಬೇಲಿಯ ಹತ್ತಿರ ಬಂದು, "ನಾನು ಮಾತು ಮುರಿಯಲ್ಲ ಪಾಗೋನಾ. ಆದ್ರೆ ನಿಮ್ಮಣ್ಣ ಬರ್ತಾನಂತೆ. ನನ್ನ ಮೂರು ಮಕ್ಕಳ ಮುಖ ನೋಡಿ ಏನಾದ್ರೂ ಮಾಡು ತಾಯಿ" ಅಂದ. ಈ ಕಾಗದವನ್ನು ಥೀಬ್ಸ್‌ಗೆ ಒಯ್ದು ನಿನ್ನ ಹಡಗು ನಿಲ್ಲುವ ಪೋರ್ಟ್ ಸಯೀದಿನ ವಿಳಾಸಕ್ಕೆ ಹಾಕುವವನೂ ಅವನೇ. ಅವನಿಗೆ ಓದು ಬಾರದು.

ಅಮ್ಮ ಪಕ್ಕದಲ್ಲೇ ಕೂತು ಹೇಳಿ ಬರೆಸುತ್ತಿದ್ದಾಳೆ. ಮಾತು ತೊದಲುತ್ತದೆ, ನಿಲ್ಲುವುದಿಲ್ಲ. "ನಾನೇ ಕೊಂದೆ ಅಂತ ಬರಿ. ಹೆತ್ತವಳ ಮೇಲೆ ಅವನು ಕೋವಿ ಎತ್ತಲ್ಲ" ಅನ್ನುತ್ತಾಳೆ. ಬರೆದಿದ್ದೇನೆ.

ನಿನ್ನ ತಂಗಿ,
ಪಾಗೋನಾ

ಮತ್ತೆ: ಅಮ್ಮ ಕೋಳಿಗಳಿಗೆ ಕಾಳು ಹಾಕಲು ಎದ್ದು ಹೋದಳು. ಎರಡೂ ಕೈಯಲ್ಲಿ ಬಾಯಿ ಹಿಡಿದುಕೊಂಡವಳು ಬಾಚಿ ಹೇಗೆ ಕಿತ್ತುಕೊಂಡಾಳು ಅಣ್ಣ? ನನ್ನ ಕೈಯಲ್ಲೂ ಒಂದು ಬಾಚಿ ಇತ್ತು. ಒಂದೇ ಏಟಲ್ಲ, ಮೂರು ಹಾಕಿದೆ. ಅಪ್ಪ ಕೂಡಲೇ ಸಾಯಲಿಲ್ಲ. ಮಲಗಿದಲ್ಲಿಂದ ನನ್ನನ್ನು ನೋಡಿ, "ನೀರು ಕೊಡೇ ಮಗಳೇ" ಅಂದ, ಮೂರು ವರ್ಷದ ಮೇಲೆ ನಮ್ಮ ಮಾತಿನಲ್ಲಿ. ನೀರಿನ ಬುರುಡೆ ನನ್ನ ಸೊಂಟದಲ್ಲೇ ಇತ್ತು. ನಾನು ಗ್ರೀಕಿನಲ್ಲಿ, "ನೀವು ಹೇಳಿದ್ದು ಅರ್ಥ ಆಗ್ಲಿಲ್ಲ" ಅಂದೆ. ಅವನು ಮತ್ತೆರಡು ಸಲ ಕೇಳಿದ. ಕೋವಿಗೆ ಎಣ್ಣೆ ಹಾಕಿಟ್ಟಿದ್ದೇನೆ. ಲೇಕಾಸನ ಬಾಗಿಲಿಗೆ ಹೋಗಬೇಡ, ನೆಟ್ಟಗೆ ನಮ್ಮ ಮನೆಗೇ ಬಾ.